ಸದಾಶಿವ ಪೇಠದಿಂದ ನಿಂಬಾಳಕ್ಕೆ: ಒಂದು ನೇಮದ ಕಥೆ

ಪುಣೆಯ ಸದಾಶಿವ ಪೇಠದಲ್ಲಿ ಟಿಳಕ ರಸ್ತೆ ಹಿಡಿದು ಹೊರಟರೆ ಎಸ್.ಪಿ. ಕಾಲೇಜು ಸಿಗುತ್ತದೆ. ಇಲ್ಲಿಯ ಜನರ ಬಾಯಲ್ಲಿ ಅದು ಬರೀ 'ಎಸ್ಪಿ'. ಪೂರ್ತಿ ಹೆಸರು ಸರ್ ಪರಶುರಾಮಭಾವು ಕಾಲೇಜು. 1916ರಲ್ಲಿ ಶುರುವಾದಾಗ ಅದಕ್ಕೆ ನ್ಯೂ ಪೂನಾ ಕಾಲೇಜು ಅಂತ ಹೆಸರಿತ್ತು. ಮುಂದೆ ಜಮಖಂಡಿ ಸಂಸ್ಥಾನದ ರಾಜಮನೆತನ ದೊಡ್ಡ ದೇಣಿಗೆ ಕೊಟ್ಟಿದ್ದರಿಂದ ಅಲ್ಲಿಯ ದೊರೆ ಪರಶುರಾಮಭಾವು ಪಟವರ್ಧನರ ಹೆಸರನ್ನು ಇಟ್ಟರು. ಹೌದು, ಆ ಜಮಖಂಡಿ ನಮ್ಮ ಬಾಗಲಕೋಟೆ ಜಿಲ್ಲೆಯ ಜಮಖಂಡಿಯೇ! ಪುಣೆಯ ಅಪ್ಪಟ ಮರಾಠಿ ಪೇಠ ಅಂತ ಹೆಸರಾದ ಜಾಗದಲ್ಲಿ ನಮ್ಮ ಊರಿನವರ ಹೆಸರು ಹೊತ್ತ ಕಾಲೇಜು ನಿಂತಿದೆ ಅನ್ನುವುದು ಇಲ್ಲಿಯ ಬಹಳ ಕನ್ನಡಿಗರಿಗೇ ಗೊತ್ತಿಲ್ಲ.

ಇವತ್ತು ನಾನು ಬರೆಯಹೊರಟಿದ್ದು ಕಾಲೇಜಿನ ಬಗ್ಗೆ ಅಲ್ಲ. ಅದೇ ಜಮಖಂಡಿಯಿಂದ ಪುಣೆಗೆ ಓದಲು ಬಂದು, ಇಲ್ಲಿಯೇ ಪಾಠ ಹೇಳಿ, ಅಲಹಾಬಾದಿನವರೆಗೆ ಹೋಗಿ, ಕೊನೆಗೆ ವಿಜಯಪುರ ಜಿಲ್ಲೆಯ ಒಂದು ಸಣ್ಣ ಸ್ಟೇಷನ್ನಿನ ಪಕ್ಕ ಬಂದು ನೆಲೆಸಿದ ಒಬ್ಬರ ಬಗ್ಗೆ. ಅವರು ರಾಮಚಂದ್ರ ದತ್ತಾತ್ರೇಯ ರಾನಡೆ, ನಮ್ಮ ಕಡೆ 'ಗುರುದೇವ ರಾನಡೆ'. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಬೇರೆ, ಇವರು ಬೇರೆ. ಇವರ ಜೊತೆಗೆ, ಇವರನ್ನು ತಯಾರು ಮಾಡಿದ ಒಂದು ಗಡಿನಾಡಿನ ಪರಂಪರೆಯ ಬಗ್ಗೆಯೂ ಹೇಳಬೇಕು. ನಮ್ಮಂಥ ಊರು ಬಿಟ್ಟವರಿಗೆ ಅದರಲ್ಲಿ ಒಂದು ಉಪಯೋಗದ ಮಾತಿದೆ ಅಂತ ನನಗೆ ಅನಿಸಿದೆ.

ಮೊದಲು ಪೇಠದ ಮಾತು

ನಾನು ಪುಣೆಗೆ ಬಂದಿದ್ದು 1981ರಲ್ಲಿ. ಆಗ ನಮ್ಮ ಕಡೆಯ ರೈಲು ಮೀಟರ್ ಗೇಜ್. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಬರಬೇಕಿತ್ತು. ಸದಾಶಿವ ಪೇಠದ ಒಂದು ವಾಡೆಯಲ್ಲಿ ಒಂದೂವರೆ ಖೋಲಿ ಬಾಡಿಗೆಗೆ ಸಿಕ್ಕಿತು. ಹನ್ನೊಂದು ಬಿಡಾರ, ನಡುವೆ ಅಂಗಳ, ಅಂಗಳದಲ್ಲೊಂದು ನಲ್ಲಿ, ತುಳಸಿ ವೃಂದಾವನ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬಾಗಿಲು ಬಡಿಯಬಾರದು. ಪೇಠದ ಬೋರ್ಡುಗಳ ಬಗ್ಗೆ ನೀವೂ ಕೇಳಿರುತ್ತೀರಿ. ಮೊದಲು ಅವನ್ನು ಓದಿ ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರತೊಡಗಿತು, ಈಗ ಅವು ಕಡಿಮೆಯಾಗಿವೆ ಅಂತ ಬೇಜಾರು!

ಹೊರಗಿನವರಿಗೆ ಈ ಪೇಠ ಬದಲಾಗದ ಜಾಗದಂತೆ ಕಾಣುತ್ತದೆ. ಇತಿಹಾಸ ನೋಡಿದರೆ ಹಾಗಿಲ್ಲ. ಇದರ ಹೆಸರೇ ಒಂದು ದೊಡ್ಡ ಸೋಲಿನ ನೆನಪು. 1761ರ ಜನವರಿ 14ರಂದು ಪಾಣಿಪತ್ತದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರಿನ ಪೇಠ ಇದು. 1818ರಲ್ಲಿ ಪೇಶ್ವೆಗಳ ಆಳ್ವಿಕೆಯೇ ಮುಗಿಯಿತು. 1897ರಲ್ಲಿ ಪ್ಲೇಗ್ ಬಂದು ಊರಿನ ಜನ ಮನೆಮಠ ಬಿಟ್ಟು ಹೊರಗೆ ಹೋಗಬೇಕಾಯಿತು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ದಂಡೆಯ ಪೇಠಗಳಿಗೆ ನೀರು ನುಗ್ಗಿತು. ನಮ್ಮ ವಾಡೆಯ ಹಳಬರು ಯಾವ ಮಾತು ತೆಗೆದರೂ 'ಪಾನಶೇತಕ್ಕಿಂತ ಮೊದಲು', 'ಪಾನಶೇತದ ನಂತರ' ಅಂತಲೇ ಲೆಕ್ಕ ಹೇಳುತ್ತಿದ್ದರು. ಈಗ ಕಳೆದ ಕೆಲವು ದಶಕಗಳಲ್ಲಿ ವಾಡೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟು ಎದ್ದಿವೆ. ನಮ್ಮ ವಾಡೆಯೂ ಉಳಿಯಲಿಲ್ಲ.

ಇತ್ತ ಊರಿನ ಕಡೆ ನೋಡಿದರೆ ಅಲ್ಲಿಯೂ ಅಷ್ಟೇ. ನಾನು ಹುಟ್ಟಿದ ಬಿಜಾಪುರ ಜಿಲ್ಲೆ 1997ರಲ್ಲಿ ಎರಡಾಯಿತು, 2014ರಲ್ಲಿ ಅದರ ಹೆಸರು ವಿಜಯಪುರ ಅಂತ ಆಯಿತು. ಅಪ್ಪ ಹೋದ ಮೇಲೆ ತಮ್ಮಂದಿರ ನಡುವೆ ಪಾಲಾಗಿ ಊರ ಮನೆ ಮಾರಾಟವಾಯಿತು. ಕೆಲಸದಿಂದ ನಿವೃತ್ತಿಯಾಗುವ ಹೊತ್ತಿಗೆ ಹಿಂದಿರುಗಲು ಅಲ್ಲಿ ಮನೆ ಇಲ್ಲ, ಇಲ್ಲಿ ಇದ್ದ ವಾಡೆ ಇಲ್ಲ. ಇದು ನನ್ನೊಬ್ಬನ ಕಥೆಯಲ್ಲ, ನಮ್ಮ ವಯಸ್ಸಿನ ವಲಸಿಗರಲ್ಲಿ ಅರ್ಧ ಜನರ ಕಥೆ ಇದೇ.

ಇಂಥ ಹೊತ್ತಿನಲ್ಲಿ ನಮ್ಮವರು ಎರಡು ದಾರಿ ಹಿಡಿಯುವುದನ್ನು ನೋಡಿದ್ದೇನೆ. ಕೆಲವರು 'ಊರಿಗೆ ಹೋದರೆ ನೆಮ್ಮದಿ' ಅಂತ ಮೂವತ್ತು ವರ್ಷ ಹೇಳಿಕೊಂಡು, ಹೋಗಿ ಮೂರು ತಿಂಗಳಲ್ಲಿ ಹಿಂದೆ ಬರುತ್ತಾರೆ. ಕೆಲವರು ವಾರದ ಕೊನೆಯ ಧ್ಯಾನ ಶಿಬಿರಕ್ಕೆ ದುಡ್ಡು ಕಟ್ಟುತ್ತಾರೆ; ಎರಡು ದಿನ ಚೆನ್ನಾಗಿರುತ್ತದೆ, ಸೋಮವಾರ ಮತ್ತೆ ಅದೇ ಟ್ರಾಫಿಕ್ಕು, ಅದೇ ಮನಸ್ಸು. ಒಬ್ಬರು ನೆಮ್ಮದಿಯನ್ನು ಜಾಗದಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಅನುಭವದಲ್ಲಿ. ಈ ಎರಡೂ ಅಲ್ಲದ ಒಂದು ದಾರಿ ನಮ್ಮದೇ ಗಡಿಭಾಗದಲ್ಲಿ ಎರಡು ನೂರು ವರ್ಷದಿಂದ ಇದೆ.

ನಿಂಬರಗಿ, ಉಮದಿ, ಇಂಚಗೇರಿ

ಈ ಪರಂಪರೆಯ ಮೊದಲಿಗರು ನಿಂಬರಗಿ ಮಹಾರಾಜರು. ಕಾಲ 1790ರಿಂದ 1885. ಲಿಂಗಾಯತ ನೀಲವಾಣಿ ಸಮುದಾಯದವರು. ಸಂಸಾರಿ. ಅವರ ಶಿಷ್ಯರು ಉಮದಿಯ ಭಾವುಸಾಹೇಬ ಮಹಾರಾಜರು (1843-1914). ಪೂರ್ತಿ ಹೆಸರು ವೆಂಕಟೇಶ ಖಂಡೇರಾವ್ ದೇಶಪಾಂಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೇಶಸ್ಥ ಬ್ರಾಹ್ಮಣ ಮನೆತನದ ದೇಶಪಾಂಡೆಯೊಬ್ಬರು ಲಿಂಗಾಯತ ಗುರುವಿನ ಕಾಲಿಗೆ ಬಿದ್ದು ನಾಮ ಪಡೆದರು ಅನ್ನುವುದನ್ನು ಒಂದು ಕ್ಷಣ ನಿಂತು ಯೋಚಿಸಿ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಭಾವುಸಾಹೇಬರು ಇಂಚಗೇರಿಯಲ್ಲಿ ಮಠ ಕಟ್ಟಿದರು. ಹಾಗಾಗಿ ಇದಕ್ಕೆ ನಿಂಬರಗಿ ಸಂಪ್ರದಾಯ ಅಂತಲೂ ಇಂಚಗೇರಿ ಸಂಪ್ರದಾಯ ಅಂತಲೂ ಹೆಸರು.

ಇಲ್ಲಿ ಭಾಷೆಯೂ ಕೂಡಿಕೊಂಡಿತ್ತು. ಸುತ್ತಲಿನ ಜನರ ಮಾತು ಕನ್ನಡ. ಮಠದಲ್ಲಿ ಓದುತ್ತಿದ್ದ ಗ್ರಂಥ ಸಮರ್ಥ ರಾಮದಾಸರ 'ದಾಸಬೋಧ', ಅದು ಮರಾಠಿ. ಕನ್ನಡ ಮಾತಾಡುತ್ತಾ ಮರಾಠಿ ಗ್ರಂಥ ಕೇಳುವುದು ಅಲ್ಲಿಯವರಿಗೆ ವಿಶೇಷ ಅನಿಸಲೇ ಇಲ್ಲ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಇಂಚಗೇರಿ ಮೈಸೂರು ರಾಜ್ಯಕ್ಕೆ ಬಂತು, ಉಮದಿ ಆ ಕಡೆ ಉಳಿದು ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಗುರುವಿನ ಊರು ಒಂದು ರಾಜ್ಯದಲ್ಲಿ, ಮಠ ಇನ್ನೊಂದರಲ್ಲಿ! ಆದರೂ ಭಕ್ತರ ಓಡಾಟ ನಿಲ್ಲಲಿಲ್ಲ.

ಇವರ ಸಾಧನೆ ಬಹಳ ಸರಳ. ಗುರು ಕೊಟ್ಟ ನಾಮವನ್ನು ಮನಸ್ಸಿನಲ್ಲಿ ನೆನೆಯುತ್ತಾ ದಿನಕ್ಕೆ ಮೂರು ಹೊತ್ತು ಕೂಡ್ರಬೇಕು. ನಮ್ಮ ಕಡೆ ಇದನ್ನು 'ನೇಮ' ಅನ್ನುತ್ತಾರೆ. 'ಧ್ಯಾನ' ಅನ್ನುವುದಕ್ಕಿಂತ 'ನೇಮಕ್ಕ ಕೂತಾರ' ಅನ್ನುವುದೇ ಹೆಚ್ಚು. ಈ ಶಬ್ದದ ವ್ಯತ್ಯಾಸ ನನಗೆ ಮುಖ್ಯ ಅನಿಸುತ್ತದೆ. ಧ್ಯಾನ ಅಂದಾಗ ಮನಸ್ಸಿಗೆ ಏನಾಯಿತು ಅನ್ನುವ ಕಡೆ ಲಕ್ಷ್ಯ ಹೋಗುತ್ತದೆ. ನೇಮ ಅಂದಾಗ ಕೂತೆಯೋ ಇಲ್ಲವೋ ಅಷ್ಟೇ ಪ್ರಶ್ನೆ.

ನಮ್ಮ ದೊಡ್ಡಪ್ಪ ಇಂಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಅವರು ಈ ನೇಮದವರು. ಅಂಗಡಿಯಲ್ಲಿ ಗಿರಾಕಿ ಇರಲಿ, ಮನೆಯಲ್ಲಿ ಮದುವೆ ಇರಲಿ, ಹೊತ್ತಾದ ಕೂಡಲೇ ಒಳಗಿನ ಖೋಲಿಗೆ ಹೋಗಿ ಕೂತುಬಿಡುತ್ತಿದ್ದರು. ನಾನು ಕಾಲೇಜು ಓದುವಾಗ ಸ್ವಲ್ಪ ಜಂಬದಿಂದಲೇ ಕೇಳಿದ್ದೆ, "ದೊಡ್ಡಪ್ಪಾ, ಇಷ್ಟ ವರ್ಷ ಕೂತೀರಿ, ಮನಸ ನಿಂತದೇನ್ರಿ?"

ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೇ ಹೇಳಿದರು, "ಮನಸ ನಿಲ್ಲೂದು ಬಿಡೂದು ಅದರ ಮರ್ಜಿ ತಮ್ಮಾ. ಹೊತ್ತಿಗೆ ಸರಿಯಾಗಿ ಕೂಡ್ರೂದು ನನ್ನ ಕೆಲಸ."

ಆಗ ಇದು ತಪ್ಪಿಸಿಕೊಳ್ಳುವ ಉತ್ತರದಂತೆ ಕೇಳಿಸಿತ್ತು. ಅದರ ಹಿಂದೆ ಎಷ್ಟು ವಿಚಾರ ಇತ್ತು ಅಂತ ತಿಳಿದದ್ದು ರಾನಡೆಯವರ ಪುಸ್ತಕ ಓದಿದ ಮೇಲೆ.

ಜಮಖಂಡಿಯ ಹುಡುಗ

ರಾನಡೆಯವರು ಹುಟ್ಟಿದ್ದು 1886ರಲ್ಲಿ ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಊರಮಾತು ಕನ್ನಡ. ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದರು. 1901ರಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗಲೇ, ಭಾವುಸಾಹೇಬ ಮಹಾರಾಜರಿಂದ ನಾಮ ಪಡೆದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜು. ಪ್ರತಿಭಾವಂತ ವಿದ್ಯಾರ್ಥಿ, ಸಂಸ್ಕೃತ, ತತ್ತ್ವಶಾಸ್ತ್ರ ಎರಡರಲ್ಲೂ ಹಿಡಿತ. ಆದರೆ ನಡುವೆ ಕಠಿಣವಾದ ಕಾಯಿಲೆ ಬಂತು. ಜೀವನದ ಉದ್ದಕ್ಕೂ ಅವರ ಆರೋಗ್ಯ ಅಷ್ಟಕ್ಕಷ್ಟೇ. 1914ರಲ್ಲಿ ಎಂ.ಎ. ಮುಗಿಯಿತು. ಅದೇ ವರ್ಷ ಅವರ ಗುರುಗಳು ಭಾವುಸಾಹೇಬರು ತೀರಿಕೊಂಡರು.

ಆಮೇಲಿನ ಅವರ ಬದುಕಿನ ನಕ್ಷೆ ನೋಡಿದರೆ ನಮ್ಮಂಥ ವಲಸಿಗರದ್ದೇ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪಾಠ, ಅಲ್ಲಿಂದ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯ. ಅಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ವೈಸ್ ಚಾನ್ಸೆಲರ್ ಹುದ್ದೆಯವರೆಗೂ ಹೋದರು. ಈ ನಡುವೆ ಮನೆಯಲ್ಲಿ ಹತ್ತಿರದವರ ಸಾವುಗಳನ್ನು ಕಂಡರು. 1946ರಲ್ಲಿ ನಿವೃತ್ತರಾಗಿ ನಿಂಬಾಳಕ್ಕೆ ಬಂದರು. 1957ರ ಜೂನ್ 6ರಂದು ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ.

ಊರು, ಭಾಷೆ, ಕೆಲಸ, ಮನೆಯ ಜನ, ದೇಹದ ಆರೋಗ್ಯ, ಗುರುವಿನ ಆಸರೆ, ಎಲ್ಲವೂ ಒಂದಿಲ್ಲೊಂದು ಸಲ ಬದಲಾದ ಬದುಕು ಇದು. ಇದರಲ್ಲಿ ಬದಲಾಗದೇ ಉಳಿದದ್ದು 1901ರಲ್ಲಿ ಹಿಡಿದ ನೇಮ ಒಂದೇ. ಐವತ್ತಾರು ವರ್ಷ!

ಇನ್ನೊಂದು ಮಾತು. ನಿಂಬಾಳ ಅಂದರೆ ಹಿಮಾಲಯದ ಗುಹೆ ಅಲ್ಲ. ವಿಜಯಪುರ-ಸೊಲ್ಲಾಪುರ ದಾರಿಯಲ್ಲಿ ಒಂದು ರೈಲು ಸ್ಟೇಷನ್. ಸುತ್ತ ಬಯಲು, ಬಿಸಿಲು, ಜೋಳದ ಹೊಲ. ಆಶ್ರಮ ಸ್ಟೇಷನ್ನಿಗೆ ಹತ್ತಿರವೇ. ಪುಣೆಗೆ ಬಂದು ಹೋಗುವಾಗ ನಾನು ಎಷ್ಟೋ ಸಲ ಆ ಸ್ಟೇಷನ್ ದಾಟಿದ್ದೇನೆ, ಬಹಳ ಸಲ ನಿದ್ದೆಯಲ್ಲಿಯೇ.

ಪುಸ್ತಕಗಳಲ್ಲಿ ಏನಿದೆ

ರಾನಡೆಯವರು ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಮೂರು ಪುಸ್ತಕಗಳ ಬಗ್ಗೆ ಹೇಳುತ್ತೇನೆ, ನಮ್ಮ ವಿಷಯಕ್ಕೆ ಬೇಕಾದಷ್ಟು ಮಾತ್ರ.

ಮೊದಲನೆಯದು 1926ರಲ್ಲಿ ಪುಣೆಯಲ್ಲಿಯೇ ಪ್ರಕಟವಾದ 'ಎ ಕನ್‌ಸ್ಟ್ರಕ್ಟಿವ್ ಸರ್ವೇ ಆಫ್ ಉಪನಿಷದಿಕ್ ಫಿಲಾಸಫಿ'. ಉಪನಿಷತ್ತುಗಳನ್ನು ಒಂದೊಂದಾಗಿ ವಿವರಿಸುವ ಬದಲು ಅವು ಎತ್ತುವ ಪ್ರಶ್ನೆಗಳನ್ನು ಹಿಡಿದು ಹೋಗುವ ಪುಸ್ತಕ ಇದು. ಸೃಷ್ಟಿ, ಮನಸ್ಸು, ನೀತಿ ಎಲ್ಲ ದಾಟಿ ಕೊನೆಯ ಅಧ್ಯಾಯ ನಿಲ್ಲುವುದು ಆತ್ಮಾನುಭವದ ಬಳಿ. ಅಂದರೆ ಅವರ ಪ್ರಕಾರ ತತ್ತ್ವಶಾಸ್ತ್ರ ಅನ್ನುವುದು ವಾದ ಗೆಲ್ಲುವ ವಿದ್ಯೆ ಅಲ್ಲ, ಅದು ಅನುಭವದಲ್ಲಿ ಮುಗಿಯಬೇಕು.

ಎರಡನೆಯದು 1933ರ 'ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ'. ಮಹಾರಾಷ್ಟ್ರದ ಸಂತರನ್ನು ಜಗತ್ತಿನ ಅನುಭಾವಿಗಳ ಸಾಲಿನಲ್ಲಿಟ್ಟು ನೋಡಿದ ಪುಸ್ತಕ. ಇಲ್ಲಿ ಅವರು ಒಂದು ವಿಂಗಡಣೆ ಮಾಡುತ್ತಾರೆ. ಜ್ಞಾನದೇವರದು ಬುದ್ಧಿಯ ದಾರಿಯ ಅನುಭಾವ. ನಾಮದೇವ ಮತ್ತು ಅವರ ಕಾಲದವರದು ಎಲ್ಲ ಜಾತಿಯ ಜನ ಕೂಡಿ ಬೆಳೆಸಿದ ಪ್ರಜಾಸತ್ತೆಯ ಅನುಭಾವ. ಏಕನಾಥರದು ಸಂಸಾರ ಪರಮಾರ್ಥ ಎರಡನ್ನೂ ಹೊಂದಿಸಿದ ಸಮನ್ವಯ. ತುಕಾರಾಮರದು ತೀರ ವೈಯಕ್ತಿಕವಾದ ಒಡನಾಟ. ರಾಮದಾಸರದು ಕೆಲಸಕ್ಕಿಳಿಯುವ ಅನುಭಾವ. ದಾರಿ ಐದು, ಮುಟ್ಟುವ ಸ್ಥಿತಿ ಒಂದೇ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತುಕಾರಾಮರ ಭಾಗ. 1630ರ ಸುಮಾರಿನ ಬರದಲ್ಲಿ ತುಕಾರಾಮರ ವ್ಯಾಪಾರ ಮುಳುಗಿತು, ಮನೆಯಲ್ಲಿ ಸಾವಾಯಿತು. ದೇವರನ್ನು ಕರೆದರೆ ಉತ್ತರವಿಲ್ಲ. ಬೈಯುತ್ತಾರೆ, ಅಳುತ್ತಾರೆ, ನೀನು ಇದ್ದೀಯೋ ಇಲ್ಲವೋ ಅಂತಲೂ ಕೇಳುತ್ತಾರೆ. ಸ್ಪೇನಿನ ಸಂತ ಯೋಹಾನ ಹದಿನಾರನೆಯ ಶತಮಾನದಲ್ಲಿ 'ಆತ್ಮದ ಕತ್ತಲ ರಾತ್ರಿ' ಅಂತ ಕರೆದ ಸ್ಥಿತಿಯೇ ತುಕಾರಾಮರಿಗೂ ಬಂತು ಅಂತ ರಾನಡೆ ಗುರುತಿಸುತ್ತಾರೆ. ಇದನ್ನು ಅವರು ಸಾಧನೆಯ ಸೋಲು ಅನ್ನುವುದಿಲ್ಲ, ಸಾಧನೆಯ ಒಂದು ಹಂತ ಅನ್ನುತ್ತಾರೆ. ಅಂದರೆ ಮನಸ್ಸು ಕದಡಿದ ಕಾಲವೂ ದಾರಿಯ ಒಳಗೇ ಬರುತ್ತದೆ, ಹೊರಗಲ್ಲ. ದೊಡ್ಡಪ್ಪನ ಮಾತು ಇಲ್ಲಿಗೆ ಬಂದು ಕೂಡಿತು. ಮನಸ್ಸು ನಿಂತ ದಿನವೂ ನೇಮ, ನಿಲ್ಲದ ದಿನವೂ ನೇಮ.

ಮೂರನೆಯದು ನಮ್ಮದೇ, 'ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್'. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಕೊಟ್ಟ ಉಪನ್ಯಾಸಗಳಿಂದ ಆದ ಪುಸ್ತಕ. ಅವರು ತೀರಿಕೊಂಡ ಮೂರು ವರ್ಷದ ಮೇಲೆ, 1960ರಲ್ಲಿ ಹೊರಗೆ ಬಂತು. ಇಲ್ಲಿ ಶರಣರನ್ನು ಒಂದು ಕಡೆ, ಹರಿದಾಸರನ್ನು ಇನ್ನೊಂದು ಕಡೆ ಇಡುವುದಿಲ್ಲ. ಸಾಧಕ ಹೊರಟ ಗಳಿಗೆಯಿಂದ ಮುಟ್ಟುವವರೆಗೆ ಯಾವ ಯಾವ ಹಂತ ಬರುತ್ತವೆ ಅಂತ ಇಟ್ಟುಕೊಂಡು, ಆಯಾ ಹಂತಕ್ಕೆ ತಕ್ಕ ಮಾತನ್ನು ಯಾರು ಹೇಳಿದ್ದರೂ ತಂದು ಜೋಡಿಸುತ್ತಾರೆ. ಲಿಂಗಾಯತ ಗುರು, ಬ್ರಾಹ್ಮಣ ಶಿಷ್ಯ, ಕನ್ನಡದ ನೆಲ, ಮರಾಠಿ ಗ್ರಂಥ ಇದ್ದ ಪರಂಪರೆಯಿಂದ ಬಂದವರಿಗೆ ಹೀಗೆ ನೋಡುವುದು ಸಹಜವೇ ಆಗಿತ್ತು ಅಂತ ಕಾಣುತ್ತದೆ.

ಗೀತೆಯ ಬಗ್ಗೆಯೂ ಅವರ ಒಂದು ದೊಡ್ಡ ಪುಸ್ತಕವಿದೆ, 1959ರಲ್ಲಿ ಪ್ರಕಟವಾದದ್ದು. ಗೀತೆಯ ಎರಡನೇ ಅಧ್ಯಾಯದ ಕೊನೆಯಲ್ಲಿ ಸ್ಥಿತಪ್ರಜ್ಞನ ಲಕ್ಷಣ ಹೇಳುವ ಹದಿನೆಂಟು ಶ್ಲೋಕಗಳು ನಿಮಗೆ ಗೊತ್ತಿರುತ್ತವೆ. ಅರ್ಜುನ ಅಲ್ಲಿ ಕೇಳುವ ಪ್ರಶ್ನೆ ಬಹಳ ವ್ಯವಹಾರದ್ದು. ಅಂಥವನ ಮಾತು ಹೇಗಿರುತ್ತದೆ, ಕೂಡ್ರುವುದು ಹೇಗೆ, ನಡೆಯುವುದು ಹೇಗೆ ಅಂತ. ಮುಂದೆ ಸಮುದ್ರದ ಹೋಲಿಕೆ ಬರುತ್ತದೆ. ನದಿಗಳು ಬಂದು ಸೇರುತ್ತಲೇ ಇದ್ದರೂ ಸಮುದ್ರ ತನ್ನ ನೆಲೆ ಬಿಡುವುದಿಲ್ಲ. ಗಮನಿಸಿ, ಅಲ್ಲಿ ನದಿಗಳು ನಿಲ್ಲುವುದಿಲ್ಲ. ಬದಲಾವಣೆ ನಿಂತ ಮೇಲೆ ನೆಮ್ಮದಿ ಅಂತ ಗೀತೆ ಎಲ್ಲಿಯೂ ಭರವಸೆ ಕೊಟ್ಟಿಲ್ಲ. ಆರನೇ ಅಧ್ಯಾಯದಲ್ಲಿ ಅರ್ಜುನ ಮನಸ್ಸನ್ನು ಗಾಳಿಗೆ ಹೋಲಿಸಿ ಇದನ್ನು ಹಿಡಿಯುವುದು ನನ್ನಿಂದ ಆಗದು ಅಂದಾಗ ಸಿಗುವ ಉತ್ತರದಲ್ಲಿ ಮೊದಲ ಶಬ್ದ ಅಭ್ಯಾಸ, ಎರಡನೆಯದು ವೈರಾಗ್ಯ. ನಮ್ಮ ಕಡೆಯ 'ನೇಮ' ಆ ಅಭ್ಯಾಸದ ಆಡುಮಾತು.

ಇದು ಪಲಾಯನ ಅಲ್ಲವೇ?

ಈ ಪ್ರಶ್ನೆ ನನ್ನ ಮಗಳೇ ಕೇಳಿದಳು. "ಅಪ್ಪಾ, ಹೊರಗೆ ಇಷ್ಟು ಅನ್ಯಾಯ ನಡೀತಿರೋವಾಗ ಕಣ್ಣು ಮುಚ್ಚಿ ಕೂತ್ರೆ ಏನು ಬಂತು?" ಪ್ರಶ್ನೆ ಸರಿಯಾದದ್ದೇ. ನಿಶ್ಚಲತೆಯ ಹೆಸರಿನಲ್ಲಿ ಕಲ್ಲಾಗಿ ಕೂತವರು ನಮ್ಮ ನಡುವೆ ಕಡಿಮೆ ಇಲ್ಲ. ನೆರೆಮನೆಗೆ ಕಷ್ಟ ಬಂದಾಗ 'ಎಲ್ಲಾ ಮಾಯೆ' ಅನ್ನುವವರನ್ನು ನಾನೂ ನೋಡಿದ್ದೇನೆ.

ಇತಿಹಾಸ ಏನು ಹೇಳುತ್ತದೆ ನೋಡೋಣ. ಭಾವುಸಾಹೇಬರ ಶಿಷ್ಯರು ಬೇರೆ ಬೇರೆ ಕಡೆ ಹರಡಿದರು. ಇಂಚಗೇರಿ ಮಠದ ಒಂದು ಶಾಖೆ ಗಿರಿಮಲ್ಲೇಶ್ವರ ಮಹಾರಾಜರದು. ಅವರ ಶಿಷ್ಯ ಮಾಧವಾನಂದ ಪ್ರಭುಜಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಆಮೇಲೆ ಜಾತಿ ಮೀರಿದ ಮದುವೆಗಳನ್ನು ಮಾಡಿಸಿದರು. ಅದೇ ನೇಮ, ಅದೇ ನಾಮ ಹಿಡಿದವರು ಇವರೂ. ರಾನಡೆಯವರು ಹೋರಾಟದ ದಾರಿ ಹಿಡಿಯಲಿಲ್ಲ. ಪಾಠ, ಬರವಣಿಗೆ, ವಿಶ್ವವಿದ್ಯಾಲಯದ ಆಡಳಿತ ಅವರ ಕೆಲಸವಾಯಿತು. 1924ರಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮದ ಅಧ್ಯಯನಕ್ಕೆ ಒಂದು ಅಕಾಡೆಮಿ ಕಟ್ಟಿದರು. ಆ ಕೆಲಸವನ್ನು ಮುಂದುವರಿಸುವ ಸಂಸ್ಥೆ ಬೆಳಗಾವಿಯ ಹಿಂದವಾಡಿಯ ಗುರುದೇವ ಮಂದಿರದಲ್ಲಿದೆ.

ಇನ್ನೊಂದು ಶಾಖೆ ಸೊಲ್ಲಾಪುರ ಸೀಮೆಯ ಸಿದ್ಧರಾಮೇಶ್ವರ ಮಹಾರಾಜರದು (1888-1936). ಅವರ ಶಿಷ್ಯ ಮುಂಬಯಿಯ ಮಾರುತಿ ಕಾಂಬಳಿ, ಬೀಡಿ ವ್ಯಾಪಾರಿ. ಗುರು ಹೋದ ಮೇಲೆ ಈತ ಸಂಸಾರ ಬಿಟ್ಟು ಹೊರಟರು. ಆದರೆ ಸ್ವಲ್ಪ ಕಾಲದಲ್ಲಿಯೇ ಮುಂಬಯಿಗೆ ಮರಳಿ ಬಂದು ಹೆಂಡತಿ ಮಕ್ಕಳ ಜೊತೆ ಇದ್ದು, ಅಂಗಡಿ ನೋಡಿಕೊಂಡರು. 1940ರ ದಶಕದಲ್ಲಿ ಹೆಂಡತಿ ತೀರಿಕೊಂಡರು, ಮಗಳೂ ತೀರಿಕೊಂಡಳು. ಜಗತ್ತು ಇವರನ್ನು ನಿಸರ್ಗದತ್ತ ಮಹಾರಾಜ ಅಂತ ತಿಳಿಯುತ್ತದೆ. 1973ರಲ್ಲಿ ಇವರ ಸಂಭಾಷಣೆಗಳ ಇಂಗ್ಲಿಷ್ ಪುಸ್ತಕ 'ಐ ಆಮ್ ದ್ಯಾಟ್' ಬಂದ ಮೇಲೆ ಗಿರಗಾವ್ ಪಕ್ಕದ ಖೇತವಾಡಿಯ ಸಣ್ಣ ಮನೆಯ ಅಟ್ಟಕ್ಕೆ ದೇಶವಿದೇಶದ ಜನ ಹತ್ತಿ ಬರತೊಡಗಿದರು. 1981ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಗದ್ದಲದ ಗಲ್ಲಿ ಬಿಟ್ಟು ಹೋಗಲಿಲ್ಲ. ಉಮದಿ-ಇಂಚಗೇರಿಯ ಜೋಳದ ಹೊಲದಲ್ಲಿ ಮೊಳೆತದ್ದು ಮುಂಬಯಿಯ ಗಲ್ಲಿಯಲ್ಲೂ ಬೇರು ಬಿಟ್ಟಿತು.

ಇವರನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮಗಳ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ನೇಮ ಯಾರ ಕೆಲಸವನ್ನೂ ಬಿಡಿಸಲಿಲ್ಲ. ಹೋರಾಟಗಾರ ಹೋರಾಟಗಾರನಾಗಿಯೇ, ಪ್ರೊಫೆಸರ್ ಪ್ರೊಫೆಸರಾಗಿಯೇ, ಬೀಡಿ ಮಾರುವವ ಬೀಡಿ ಮಾರುತ್ತಲೇ ಇದ್ದರು. ಉತ್ತರ ಮಗಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. "ಆದ್ರೆ ಎಲ್ಲರೂ ಹೋರಾಟಕ್ಕೆ ಇಳಿಲಿಲ್ವಲ್ಲ?" ಅಂದಳು. ಅದೂ ನಿಜ. ಒಳಗಿನ ಶಾಂತಿ ತಾನಾಗಿಯೇ ಮನುಷ್ಯನನ್ನು ನ್ಯಾಯದ ಕಡೆ ತಿರುಗಿಸುತ್ತದೆ ಅಂತ ಈ ಇತಿಹಾಸದಿಂದ ಹೇಳಲು ಬರುವುದಿಲ್ಲ. ಆ ತಿರುವು ನಾವೇ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಅಲುಗದೇ ನಿಲ್ಲಲು ನೇಮ ಸಹಾಯ ಮಾಡಬಹುದು, ಅಷ್ಟೇ.

ವಾಡೆ ಬಿದ್ದ ವರ್ಷ

ನಮ್ಮ ವಾಡೆಯನ್ನು ಕೆಡವುವಾಗ ಹನ್ನೊಂದು ಬಿಡಾರದವರೂ ಕೊಥರೂಡ, ಧಾಯರಿ, ಸಿಂಹಗಡ ರಸ್ತೆ ಅಂತ ಚದುರಿ ಹೋದೆವು. ಹದಿನೆಂಟು ತಿಂಗಳಲ್ಲಿ ಕಟ್ಟಡ ಆಗುತ್ತದೆ ಅಂದಿದ್ದರು, ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದಲ್ಲಿ ಮೂವರು ಹಿರಿಯರು ಹೊಸ ಮನೆ ನೋಡದೇ ಹೋದರು. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು.

ಆ ದಿನಗಳಲ್ಲಿ ನನಗೆ ಯಾವ ಪುಸ್ತಕವೂ ಹಿಡಿಸಲಿಲ್ಲ. ನಮ್ಮ ವಾಡೆಯಲ್ಲಿ ಎದುರಿನ ಖೋಲಿಯಲ್ಲಿದ್ದ ಆಜಿ ಆಗ ಎಂಬತ್ತು ದಾಟಿದ್ದರು. ಸೊಸೆಯ ಜೊತೆ ಕೊಥರೂಡದ ಬಾಡಿಗೆ ಫ್ಲ್ಯಾಟಿನಲ್ಲಿದ್ದರು. ಒಂದು ಸಂಜೆ ನೋಡಲು ಹೋದೆ. ಏಳು ಹೊಡೆಯಿತು. ಆಜಿ ಮಾತು ಅರ್ಧಕ್ಕೆ ಬಿಟ್ಟು, ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಹರಿಪಾಠ ಶುರು ಮಾಡಿದರು. ವಾಡೆಯಲ್ಲಿ ಮೂವತ್ತು ವರ್ಷ ಇದೇ ಏಳು ಗಂಟೆಗೆ ಇದೇ ಧ್ವನಿ ಕೇಳಿದ್ದೆ. ಮುಗಿದ ಮೇಲೆ ಕೇಳಿದೆ, "ಆಜಿ, ಇಲ್ಲಿ ನಿಮಗೆ ಹೊಂದಿಕೆ ಆಯ್ತಾ?" ಅವರು ಮರಾಠಿಯಲ್ಲಿ ಹೇಳಿದ್ದರ ಭಾವ ಇಷ್ಟು: ಮನೆ ಹೊಸದಪ್ಪಾ, ಏಳು ಗಂಟೆ ಹಳೆಯದೇ ಅಲ್ಲವೇ?

ಆಜಿ ರಾನಡೆಯವರನ್ನು ಓದಿದವರಲ್ಲ, ಇಂಚಗೇರಿಯ ಹೆಸರು ಕೇಳಿದವರೂ ಅಲ್ಲ. ಆಳಂದಿಯ ಜ್ಞಾನೇಶ್ವರರ ಹರಿಪಾಠ ಹಿಡಿದವರು. ದೊಡ್ಡಪ್ಪ ಇಂಡಿಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನೇ ಆಜಿ ಮರಾಠಿಯಲ್ಲಿ ಹೇಳಿದರು. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರು 'ಕಾನಡಾ' ಅಂತ ಕರೆದರಲ್ಲ, ಇದನ್ನೆಲ್ಲ ನೋಡಿದರೆ ಆಶ್ಚರ್ಯವೇನೂ ಆಗುವುದಿಲ್ಲ.

ಮಾರನೇ ದಿನದಿಂದ ನಾನೂ ಕೂಡ್ರತೊಡಗಿದೆ. ಮೂರು ಹೊತ್ತು ಅಲ್ಲ, ಬೆಳಿಗ್ಗೆ ಐದೂವರೆಗೆ ಒಂದೇ ಹೊತ್ತು, ಇಪ್ಪತ್ತು ನಿಮಿಷ. ಅದರಿಂದ ದುಃಖ ಹೋಯಿತೇ ಅಂದರೆ ಹೋಗಲಿಲ್ಲ. ಮನಸ್ಸು ನಿಂತಿತೇ ಅಂದರೆ ಬಹಳ ದಿನ ಇಲ್ಲ. ಕೂತಲ್ಲಿಯೇ ಅತ್ತ ದಿನಗಳೂ ಇವೆ. ಆದರೆ ದಿನಕ್ಕೆ ಒಂದು ಬದಿ ಸಿಕ್ಕಿತು. ಬಾಡಿಗೆ ಮನೆಯಲ್ಲಿ, ಮಗಳ ಊರಿನಲ್ಲಿ, ಒಂದು ಸಲ ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲಿದ್ದರೂ ಐದೂವರೆ ನನ್ನದಾಗಿತ್ತು. ಊರಿಗೆ ಹೋದರೆ ಸಿಗುತ್ತದೆ ಅಂತ ಇಷ್ಟು ವರ್ಷ ಮುಂದೂಡಿದ ನೆಮ್ಮದಿಯಲ್ಲಿ ಸ್ವಲ್ಪ ಭಾಗ ಅಲ್ಲಿಯೇ ಸಿಕ್ಕಿತು.

ವಲಸಿಗರು ಒಂದು ಜಾಗವನ್ನು ಕಳೆದುಕೊಂಡವರು, ನಿಜ. ಆದರೆ ಈ ಗಡಿನಾಡಿನ ಸಂತರ ಇತಿಹಾಸ ಓದಿದ ಮೇಲೆ ನನಗೆ ಅನಿಸಿದ್ದು, ಅವರು ನೆಲೆಯನ್ನು ಜಾಗದಲ್ಲಿ ಇಡಲೇ ಇಲ್ಲ, ಹೊತ್ತಿನಲ್ಲಿ ಇಟ್ಟರು. ಗಡಿ ಎಳೆದರೂ ಮನೆ ಬಿದ್ದರೂ ಹೊತ್ತು ಬಂದೇ ಬರುತ್ತದೆ. ಟ್ರಂಕಿನಲ್ಲಿ ಹಾಕಿಕೊಂಡು ಬರಲಾಗದ ಊರಿಗಿಂತ ಜೊತೆಗೇ ಬರುವ ಹೊತ್ತು ನಮ್ಮಂಥವರಿಗೆ ಹೆಚ್ಚು ಗಟ್ಟಿ.

ನಾಮವೇ ಆಗಬೇಕೆಂದಿಲ್ಲ. ವಚನ ಓದುವವರಿರಬಹುದು, ಪಾರಾಯಣ ಮಾಡುವವರಿರಬಹುದು, ದೇವರನ್ನು ನಂಬದೇ ಸುಮ್ಮನೆ ಕೂಡ್ರುವವರೂ ಇರಬಹುದು. ನಿಮ್ಮ ಮನೆಯಲ್ಲಿ ಅಜ್ಜನೋ ಅಮ್ಮನೋ ಹೀಗೆ ಒಂದು ಹೊತ್ತು ಹಿಡಿದಿದ್ದರೆ, ಅದು ಯಾವುದಿತ್ತು, ಎಲ್ಲಿಂದ ಬಂತು ಅಂತ ಇನ್ನೂ ಹೇಳುವವರು ಇರುವಾಗಲೇ ಕೇಳಿಟ್ಟುಕೊಳ್ಳಿ. ಮತ್ತೆ, ಸೊಲ್ಲಾಪುರದಿಂದ ವಿಜಯಪುರಕ್ಕೆ ರೈಲಿನಲ್ಲಿ ಹೋಗುವುದಿದ್ದರೆ ನಿಂಬಾಳ ಬಂದಾಗ ಎಚ್ಚರವಿರಿ. ಸಾಧ್ಯವಾದರೆ ಇಳಿದುಬಿಡಿ, ಆಶ್ರಮಕ್ಕೆ ಬಹಳ ನಡೆಯಬೇಕಾಗಿಲ್ಲ.